ಬಾಗಿಲು ತೆಗೆದಿಟ್ಟ ಬಾಣಂತನ

ಮಗಳು ಹುಟ್ಟಿದ ಮೊದಲ ವಾರಗಳಲ್ಲಿ ನನ್ನ ಬಲಗೈಯನ್ನು ನಾನು ನಂಬುತ್ತಿರಲಿಲ್ಲ. ಕೂಸು ಹಸಿದು, ಕಣ್ಣು ಮುಚ್ಚಿಕೊಂಡೇ ಬಾಯಿ ತೆರೆದು ನನ್ನ ಎದೆಯ ಮೇಲೆ ಹುಡುಕಾಡುವಾಗ ಆ ಕೈ ತಾನಾಗಿ ಮೇಲೇಳುತ್ತಿತ್ತು. ಎದ್ದು ಅದರ ಬಾಯಿಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಮುಟ್ಟುತ್ತಿರಲಿಲ್ಲ. ಅಷ್ಟರಲ್ಲಿ ನಾನು ಕೈಯನ್ನು ಎಳೆದು ತೊಡೆಯ ಕೆಳಗೆ ಹಾಕಿಕೊಂಡು ಅದರ ಮೇಲೆ ಕೂರುತ್ತಿದ್ದೆ. ಎದೆಯಲ್ಲಿ ಹಾಲು ಗಡ್ಡೆ ಕಟ್ಟಿದಂತೆ ನಿಂತುಬಿಡುತ್ತಿತ್ತು. ಕೂಸು ಚೀಪಿ ಚೀಪಿ, ಏನೂ ಸಿಗದೆ, ಕೊನೆಗೆ ಅಳುತ್ತಿತ್ತು.

ಇದನ್ನು ಮೊದಲ ಸಲ ಬರೆದಾಗ ‘ಹೊರಗೆ ಮಳೆ ಬರುತ್ತಿತ್ತು’ ಎಂದೂ ಬರೆದಿದ್ದೆ. ಈಗ ತೆಗೆದಿದ್ದೇನೆ. ಅದು ಚಿತ್ತಾಪುರದ ಬೇಸಿಗೆ. ಮಳೆ ಎಲ್ಲಿಂದ ಬರಬೇಕು? ಅಳುವಿನ ಪಕ್ಕದಲ್ಲಿ ಮಳೆ ಇದ್ದರೆ ಓದಲು ಚೆನ್ನ ಎಂದು ನೆನಪೇ ತಂದುಕೊಂಡಿರಬೇಕು. ನೆನಪಿಗೆ ಆ ಚಟ ಇದೆ. ಆದ್ದರಿಂದ ನಾನು ಕಂಡದ್ದು, ಬೇರೆಯವರು ಹೇಳಿದ್ದು, ಎರಡೂ ಅಲ್ಲದ್ದು, ಇವನ್ನು ಆದಷ್ಟು ಬೇರೆ ಬೇರೆ ಇಡಲು ನೋಡುತ್ತೇನೆ. ಎಲ್ಲ ಕಡೆಯೂ ಆಗಲಿಕ್ಕಿಲ್ಲ.

ಕಂಡದ್ದು ಇಷ್ಟು. ನಾನು ಸೇಡಂನಲ್ಲಿ ಶಾಲೆಯ ಟೀಚರು. ಗಂಡನಿಗೆ ಮಳಖೇಡದ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಹೆರಿಗೆ ಸೇಡಂನಲ್ಲೇ ಆಯಿತು. ಚೊಚ್ಚಲು ಬಾಣಂತನ ತವರಿನದು ಎಂದು ಅವ್ವ ಜೀಪು ಮಾಡಿಕೊಂಡು ಬಂದು ನಮ್ಮಿಬ್ಬರನ್ನೂ ಚಿತ್ತಾಪುರಕ್ಕೆ ಕರೆದೊಯ್ದಳು. ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಅಡುಗೆ ಮಾಡಿ, ನನ್ನನ್ನೂ ತಮ್ಮನನ್ನೂ ಓದಿಸಿ, ತಾನೇ ಕಟ್ಟಿಸಿದ ಮನೆ ಅವಳದು. ಒಂದು ಪಡಸಾಲೆ, ಒಂದು ಅಡುಗೆಮನೆ, ಹಿಂದೆ ಒಂದು ಖೋಲಿ. ಆ ಖೋಲಿಯನ್ನು ನಾನು ಬರುವ ಮೊದಲೇ ಸಿದ್ಧಮಾಡಿದ್ದಳು. ಕಿಟಕಿಗೆ ಕಂಬಳಿ ಹೊಡೆದಿತ್ತು. ಹೊರಸಿನ ಕೆಳಗೆ ಕೆಂಡ ಇಡಲು ಹಳೆಯ ಕಬ್ಬಿಣದ ಬುಟ್ಟಿ. ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫ್, ಸಂಜೆ ಲೋಬಾನದ ಹೊಗೆ. ಬೇಸಿಗೆಯಲ್ಲಿ, ಆ ಬಿಸಿಲಿನ ಊರಿನಲ್ಲಿ, ಒಬ್ಬ ಹೆಂಗಸನ್ನು ಹೀಗೆ ಬೆಚ್ಚಗಿಡಲು ಎಷ್ಟು ಪ್ರೀತಿ ಬೇಕು ಎಂಬುದು ನನಗೆ ಆಗ ಹೊಳೆದಿರಲಿಲ್ಲ.

ಕೂಸು ಹಾಲು ಕುಡಿಯುವುದನ್ನು ಹೊರಗಿನವರ ಕಣ್ಣು ಕಾಣಬಾರದು, ಕಂಡರೆ ಹಾಲು ಬತ್ತುತ್ತದೆ ಎಂಬುದು ನಮ್ಮ ಕಡೆಯ ನಂಬಿಕೆ. ಬಾಣಂತಿಯನ್ನು ನೋಡಲು ಮಂದಿ ಬರುತ್ತಲೇ ಇರುತ್ತಾರೆ. ಬಾಗಿಲು ತಟ್ಟಿ ಒಳಗೆ ಬರುವ ರೂಢಿ ಯಾರಿಗೂ ಇಲ್ಲ. ಹಾಗಾಗಿ ಕೂಸು ಅತ್ತಾಗಲೆಲ್ಲ ಅವ್ವ ಅದನ್ನು ನನ್ನ ತೊಡೆಯ ಮೇಲಿಟ್ಟು, ಹೊರಗೆ ಹೋಗಿ, ಬಾಗಿಲು ಎಳೆದು ಹೊರಗಿನಿಂದ ಕೊಂಡಿ ಹಾಕುತ್ತಿದ್ದಳು. ಹಾಕಿ ಅಲ್ಲೇ ಕಾವಲು ಕೂರುತ್ತಿದ್ದಳು. ಕೊಂಡಿ ಬಿದ್ದ ಸದ್ದಿಗೆ ನನ್ನ ತೋಳಿನ ಕೂದಲು ನಿಲ್ಲುತ್ತಿತ್ತು. ಆಮೇಲೆ ಕತ್ತಲೆ, ಕೂಸಿನ ಬಾಯಿ, ನನ್ನ ಕೈ.

ಹಾಲು ಇರಲಿಲ್ಲ ಎಂದಲ್ಲ. ಹಿತ್ತಲಲ್ಲಿ ಎರೆದುಕೊಂಡು ಬಂದು ಬಿಸಿಲಿಗೆ ತಲೆ ಬಿಟ್ಟು ಕೂತಾಗ ರವಿಕೆ ತಾನಾಗಿ ತೊಯ್ಯುತ್ತಿತ್ತು. ಯಾರದೋ ಮನೆಯ ಕರು ಕೂಗಿದರೂ ಹಾಲು ಇಳಿಯುತ್ತಿತ್ತು. ಕೂಸು ತೊಡೆಗೆ ಬಂದು ಬಾಗಿಲು ಮುಚ್ಚಿದರೆ ಮಾತ್ರ ಇಲ್ಲ.

ಅವ್ವ ಅಳವಿ ಪಾಯಸ ಮಾಡಿದಳು. ಸಬ್ಬಸಿಗೆ ಪಲ್ಯ, ಬೆಳ್ಳುಳ್ಳಿ ಸಾರು, ಅಂಟಿನ ಉಂಡಿ. ಬಾಜೂ ಮನೆಯ ಖಾಲಾ ತಮ್ಮ ಮನೆಯ ಪದ್ಧತಿಯಂತೆ ತುಪ್ಪ, ಬಾದಾಮಿ ಹಾಕಿದ ಹರೀರಾ ಕಾಸಿ ಲೋಟ ತುಂಬ ತಂದು, ನಾನು ತಳ ಕಾಣುವವರೆಗೂ ಎದುರಿಗೇ ನಿಂತಿರುತ್ತಿದ್ದರು.

“ಪೂರಾ ಕುಡಿ ಬೇಟಾ. ನಮ್ಮ ಸೊಸಿಗಿ ಇದೇ ಕೊಟ್ಟೆ. ಆಕಿ ಕೂಸು ಈಗ ನನ್ನ ಎತ್ಕೊಂಡು ತಿರಗ್ತದ.”

“ಹಂಗಾರ ನೀವು ಜರಾ ಕಮ್ಮಿ ಕುಡೀಬೇಕಾಗಿತ್ತು ಖಾಲಾ,” ಎಂದು ಅವ್ವ ಅಂದರೆ ತಮ್ಮ ದೊಡ್ಡ ಮೈಯನ್ನು ಕುಲುಕಿಸಿ ನಗುತ್ತಿದ್ದರು. ಆಮೇಲೆ ದನಿ ತಗ್ಗಿಸಿ, “ಯಾರದೋ ನಜರ್ ಬಿದ್ದದ. ಬಾಗಲಾ ಬಿಗಿ ಮಾಡ್ರಿ,” ಎನ್ನುತ್ತಿದ್ದರು. ಅವ್ವ ಬಾಗಿಲಿನ ಸಂದಿಗೂ ಬಟ್ಟೆ ತುರುಕಿದಳು. ಹಾಲು ಇನ್ನೂ ಕಡಿಮೆಯಾಯಿತು.

ಕೂಸನ್ನು ತೂಕಕ್ಕೆ ಒಯ್ದಾಗ ಆಸ್ಪತ್ರೆಯ ಸಿಸ್ಟರ್ ತಕ್ಕಡಿಯನ್ನು ಎರಡು ಸಲ ನೋಡಿ ನನ್ನ ಮುಖ ನೋಡಿದರು. ಹುಟ್ಟಿದಾಗಿನ ತೂಕಕ್ಕೂ ಅದು ಮರಳಿರಲಿಲ್ಲ.

“ಕುಡಸ್ಲಿಕತ್ತೀ ಇಲ್ಲೋ?”

“ಕುಡಸ್ಲಿಕತ್ತೀನ್ರಿ. ಬರವಲ್ದು.”

“ಹಿಂಡಿ ತೋರ್ಸು.” ತೋರಿಸಿದೆ. ಅಲ್ಲಿ, ಟ್ಯೂಬ್‌ಲೈಟಿನ ಬೆಳಕಿನಲ್ಲಿ, ಹತ್ತು ಹೆಂಗಸರ ಗದ್ದಲದ ನಡುವೆ ಹಾಲು ಚಿಮ್ಮಿತು. ಸಿಸ್ಟರ್ ಹುಬ್ಬೇರಿಸಿದರು. “ಇದು ಬರಲಾರದ್ದೇನು? ತೆಲಿಯಾಗ ಏನರೇ ಇಟ್ಕೊಂಡೀ ಏನವಾ? ಇರ್ಲಿ. ಸದ್ಯಕ್ಕ ಡಬ್ಬಿ ಹಾಲೂ ಕೊಡು, ಎದಿಗೂ ಹಿಡಿ. ಯಾರರೇ ಏನರೇ ಅಂದ್ರ ನನ್ನ ಹೆಸರು ಹೇಳು.”

ಡಬ್ಬಿ ಹಾಲು ಬಂತು. ಅವ್ವ ಅದನ್ನು ಬಂದವರ ಕಣ್ಣಿಗೆ ಬೀಳದಂತೆ ಅಕ್ಕಿ ಡಬ್ಬಿಯ ಹಿಂದೆ ಇಟ್ಟಳು. ಕೂಸು ಅದನ್ನು ಕುಡಿದು ಮಲಗಿದಾಗ ನನಗೆ ಆದದ್ದು ನಾಚಿಕೆಯಲ್ಲ. ಕೈ ಮೇಲೇಳಲಿಲ್ಲವಲ್ಲ ಎಂಬ ಸಮಾಧಾನ. ಆ ಸಮಾಧಾನಕ್ಕೇ ಹೆದರಿದೆ. ಹೀಗೇ ಬಿಟ್ಟರೆ ಎದೆ ಬತ್ತುತ್ತದೆ, ನನ್ನ ಮಗಳು ನನ್ನ ಹತ್ತಿರ ಬಂದಾಗೆಲ್ಲ ನಾನು ಕಲ್ಲಾಗುತ್ತಲೇ ಇರುತ್ತೇನೆ, ಇದು ಹಾಲಿನೊಂದಿಗೇ ಮುಗಿಯುವುದಿಲ್ಲ ಎಂದು ಅನ್ನಿಸಿತು.

ಈಗ ನಾನು ಚಿಕ್ಕವಳಿದ್ದಾಗಿನ ಶಹಾಬಾದದ ಮನೆ. ಇದು ಕಂಡದ್ದೋ, ಕಟ್ಟಿಕೊಂಡದ್ದೋ, ನಾನು ಪ್ರಮಾಣ ಮಾಡಲಾರೆ.

ಅಪ್ಪ ಫರಸಿ ಕಲ್ಲಿಗೆ ಪಾಲಿಶ್ ಹೊಡೆಯುವ ಕಡೆ ಕೆಲಸಕ್ಕಿದ್ದ. ಸಂಜೆ ಕಾರ್ಖಾನೆಯ ಭೋಂಗಾ ಕೂಗಿದ ಸ್ವಲ್ಪ ಹೊತ್ತಿಗೆ ಸೈಕಲ್ ಮೇಲೆ ಬರುತ್ತಿದ್ದ. ಅಂಗಾಲಿನಿಂದ ಮೊಣಕಾಲಿನವರೆಗೆ ಬೂದು ಬಣ್ಣದ ಕಲ್ಲಿನ ರಾಡಿ ಒಣಗಿರುತ್ತಿತ್ತು. ಸೈಕಲನ್ನು ಗೋಡೆಗೆ ಆನಿಸಿದರೆ ಆ ಸಂಜೆ ಚಹಾ, ಬಿಸ್ಕೀಟು, ಕೆಲವೊಮ್ಮೆ ಹಾಡು ಕೂಡ. ಸೈಕಲನ್ನು ನೆಲಕ್ಕೆ ಬಿಟ್ಟರೆ ಅವ್ವ ಒಂದು ಕ್ಷಣ ಕಿವಿಗೊಟ್ಟು, ತಮ್ಮನನ್ನು ನನ್ನ ತೋಳಿಗೆ ತುರುಕಿ, ಇಬ್ಬರನ್ನೂ ಜೋಳದ ಚೀಲ ಇಡುವ ಸಣ್ಣ ಖೋಲಿಗೆ ದೂಡಿ ಬಾಗಿಲು ಹಾಕುತ್ತಿದ್ದಳು. ಕೊಂಡಿ ಬೀಳುತ್ತಿತ್ತು. ಮೇಲೂ ಕಲ್ಲು, ಕೆಳಗೂ ಕಲ್ಲು, ಕಿಟಕಿ ಇಲ್ಲ.

ನಾನು ಶಾಲೆಗೆ ಹೋಗಲು ಆಗಷ್ಟೇ ಶುರುಮಾಡಿದ್ದೆ. ತಮ್ಮ ಮೊಲೆಗೂಸು. ಸಂಜೆ ಅವನು ಹಾಲು ಕುಡಿಯುವ ಹೊತ್ತು. ಕತ್ತಲಲ್ಲಿ ಅವನ ಬಾಯಿ ನನ್ನ ಫ್ರಾಕಿನ ಮೇಲೆಲ್ಲ ಹುಡುಕುತ್ತಿತ್ತು. ಅಲ್ಲಿ ಏನೂ ಇರಲಿಲ್ಲ. ಅವನು ಅತ್ತರೆ ಅಪ್ಪನ ಲಕ್ಷ್ಯ ಈ ಕಡೆ ಬರುತ್ತದೆ. ಆಚೆಯಿಂದ ಬರುತ್ತಿದ್ದ ಸದ್ದುಗಳನ್ನು ಇಲ್ಲಿ ಬರೆಯುವುದಿಲ್ಲ. ಬರೆಯಲು ಕೂತಾಗಲೆಲ್ಲ ಅವು ಬೇರೆ ಬೇರೆ ರೀತಿಯಲ್ಲಿ ಕೇಳುತ್ತವೆ, ಯಾವುದು ಸರಿ ಎಂದು ತಿಳಿಯುವುದಿಲ್ಲ. ನನಗೆ ಗೊತ್ತಿರುವುದು ನನ್ನ ಕೈ ಅವನ ಬಾಯಿಯ ಮೇಲೆ ಇತ್ತು ಎಂಬುದು. ಅಥವಾ ಗೊತ್ತಿದೆ ಎಂದು ಬಹುಕಾಲ ನಂಬಿದ್ದೆ.

ಬಾಗಿಲು ತೆರೆದಾಗ ಅವ್ವ ಮುಖ ಪಕ್ಕಕ್ಕೆ ತಿರುಗಿಸಿರುತ್ತಿದ್ದಳು. ಅಲ್ಲೇ ಹೊಸ್ತಿಲ ಮೇಲೆ ಕುಸಿದು ತಮ್ಮನನ್ನು ಎದೆಗೆ ಹಾಕಿಕೊಳ್ಳುತ್ತಿದ್ದಳು. ಅವನು ಗಟಗಟ ಕುಡಿಯುತ್ತಿದ್ದ. ಹಾಲು ಕುಡಿಸುವುದು ಎಂದರೆ ಏನು ಎಂದು ನಾನು ಮೊದಲು ಕಲಿತದ್ದು ಹಾಗೆ.

ಒಂದು ಬೆಳಿಗ್ಗೆ ಅವ್ವ ನಮ್ಮಿಬ್ಬರನ್ನೂ ಒಂದು ಗಂಟನ್ನೂ ಎತ್ತಿಕೊಂಡು ರೈಲು ಹತ್ತಿದಳು. ವಾಡಿಯಲ್ಲಿ ಇಳಿದು ಗಾಡಿ ಬದಲಿಸಿ ಚಿತ್ತಾಪುರ. ಅಪ್ಪ ಹುಡುಕಿಕೊಂಡು ಬರಲಿಲ್ಲ. ಎಷ್ಟೋ ವರ್ಷಗಳ ಮೇಲೆ ತೀರಿಕೊಂಡ ಸುದ್ದಿ ಬಂತು. ಅಂದು ಅವ್ವ ಹಾಸ್ಟೆಲಿನ ಅಡುಗೆಗೆ ಎಂದಿನಂತೆ ಹೋದಳು. ‘ಆ ಮನಿ’ ಎಂಬ ಒಂದು ಮಾತನ್ನು ಬಿಟ್ಟರೆ ನಮ್ಮ ನಡುವೆ ಶಹಾಬಾದದ ಮಾತು ಬರುತ್ತಿರಲಿಲ್ಲ. ಹೆಮ್ಮೆಯಿಂದ ಅವಳು ಹೇಳಿಕೊಳ್ಳುತ್ತಿದ್ದುದು ಒಂದೇ: “ನನ್ನ ಮಕ್ಕಳ ಮೈಮ್ಯಾಲ ಒಂದು ಏಟು ಬೀಳಗೊಟ್ಟಿಲ್ಲ.” ಅದು ನಿಜ. ಆ ಖೋಲಿಯಿಂದಾಗಿ ನಿಜ.

ಈಗ ಅವಳು ನನ್ನ ಬಾಣಂತನದ ಬಾಗಿಲಿಗೆ ಕೊಂಡಿ ಹಾಕುವಾಗ ನಾನು ಏನೆಂದು ಹೇಳಲಿ? ನೀನು ನಮ್ಮನ್ನು ಉಳಿಸಿದ ರೀತಿಯೇ ಈಗ ನನ್ನ ಎದೆಯನ್ನು ಕಟ್ಟಿಹಾಕುತ್ತಿದೆ ಎಂದೇ? ಆಗ ನನಗೆ ಇದು ಇಷ್ಟು ಸ್ಪಷ್ಟವಾಗಿ ಗೊತ್ತಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಕೊಂಡಿಯ ಸದ್ದು ಆಗದು ಎಂದು ಮೈಗೆ ಗೊತ್ತಿತ್ತು, ಹೇಳಿದರೆ ಅವ್ವ ನೋಯುತ್ತಾಳೆ ಎಂದು ಮನಸ್ಸಿಗೆ ಗೊತ್ತಿತ್ತು. ಮೈ ಮನಸ್ಸು ಎರಡೂ ಒಂದೇ ವಿಷಯ ಆಡುತ್ತಿವೆ ಎಂದು ತಿಳಿಯಲು ಸಮಯ ಬೇಕಾಯಿತು. ತೊಟ್ಟಿಲ ಕಾರ್ಯದ ದಿನ ಬೇಕಾಯಿತು.

ತೊಟ್ಟಿಲಿಗೆ ಸೇಡಂನಿಂದ ಅತ್ತೆ ಬಂದರು. ಅವರ ತವರು ಚಿಂಚೋಳಿ ತಾಲೂಕಿನ ಕುಂಚಾವರಂ ಕಡೆಯ ಒಂದು ಸಣ್ಣ ಹಟ್ಟಿ, ಸುತ್ತ ಕಾಡು. ಮಾತಿನಲ್ಲಿ ಅರ್ಧ ತೆಲುಗು. ನನ್ನನ್ನು ಕರೆಯುವುದು ‘ಅಮ್ಮಾಯಿ’ ಎಂದೇ. ಒಳಗೆ ಬಂದವರೇ ಕಿಟಕಿಯ ಕಂಬಳಿ, ಕೆಂಡದ ಬುಟ್ಟಿ, ಬಾಗಿಲ ಸಂದಿಯ ಬಟ್ಟೆ ಎಲ್ಲ ನೋಡಿ ಅವ್ವನಿಗೆ ಅಂದರು:

“ಬೀಗತೇರೇ, ನೀವು ಬಾಣಂತಿ ಇಟ್ಟೀರೋ, ಮಾವಿನಹಣ್ಣು ಭಟ್ಟಿಗಿ ಹಾಕೀರೋ?”

“ನಿಮ್ಮ ಕಾಡಿನ್ಯಾಗ ಹೆಂಗ ಮಾಡ್ತಾರ್ರಿ?”

“ಏನ್ ಮಾಡ್ತಾರ, ಗಿಡದ ಕೆಳಗ ಕುಂತು ಕುಡಸ್ತಾರ. ಯಾರರೇ ನೋಡಿದ್ರ ನೋಡಿ ಹೋಗ್ತಾರ.”

“ಕರಡಿ ನೋಡ್ಯದೇನು ನಿಮಗ? ಅದಕ್ಕ ಹಿಂಗ ಮಾತಾಡ್ತೀರಿ.”

ಅತ್ತೆಗೆ ಈ ಮಾತು ಎಷ್ಟು ಹಿಡಿಸಿತೆಂದರೆ ಮಧ್ಯಾಹ್ನದವರೆಗೆ ಬಂದವರಿಗೆಲ್ಲ ಹೇಳಿ ನಕ್ಕರು.

ಅಂದು ಮನೆ ತುಂಬಿತ್ತು. ತೊಟ್ಟಿಲು ಪಡಸಾಲೆಯಲ್ಲಿ ಹಿಡಿಸದೆ ನನ್ನ ಖೋಲಿಯಲ್ಲೇ ಕಟ್ಟಿದ್ದರು. ಬಾಗಿಲು ಹಾಕುವ ಮಾತೇ ಇರಲಿಲ್ಲ, ಅಡ್ಡ ಚಪ್ಪಲಿಗಳ ರಾಶಿ. ಹೆಸರಿಟ್ಟು, ಹಾಡು ಹೇಳಿ, ಮಂದಿ ಊಟಕ್ಕೆ ಎದ್ದಾಗ ಕೂಸು ಅತ್ತಿತು. ಯಾರೋ ತಂದು ನನ್ನ ತೊಡೆಗೆ ಹಾಕಿದರು. ನಾನು ಅಡುಗೆಮನೆಯ ಬಾಗಿಲ ಹತ್ತಿರ ಗೋಡೆಗೆ ಆನಿ ಕೂತಿದ್ದೆ. ಹಿತ್ತಲಿನ ಬೆಳಕು ನೇರ ಮೈಮೇಲೆ ಬೀಳುತ್ತಿತ್ತು. ಒಳಗೆ ಅವ್ವ ಬಡಿಸುವವರ ಮೇಲೆ ರೇಗುತ್ತಿದ್ದಳು: “ಏ, ಸಾರು ಈ ಸಾಲಿಗಿ ತಾ. ಆ ಸಾಲಿನವರು ಏನು ಬೀಗರಾ, ಇವರು ಕೂಲಿಯವರಾ?” ಖಾಲಾ ತಮ್ಮ ಮೊಣಕಾಲು ನೋವನ್ನು ಅತ್ತೆಗೆ ವರ್ಣಿಸುತ್ತಿದ್ದರು. ಅತ್ತೆ ಅದಕ್ಕೆ ಯಾವುದೋ ಸೊಪ್ಪಿನ ಹೆಸರು ತೆಲುಗಿನಲ್ಲಿ ಹೇಳುತ್ತಿದ್ದರು, ಖಾಲಾ ಅದನ್ನು ಉರ್ದುವಿನಲ್ಲಿ ಏನೆನ್ನುತ್ತಾರೆಂದು ಕೇಳುತ್ತಿದ್ದರು. ನಾನು ಆ ಸೊಪ್ಪು ಯಾವುದಿರಬಹುದು ಎಂದು ಯೋಚಿಸುತ್ತ ಇದ್ದೆ.

ಸ್ವಲ್ಪ ಹೊತ್ತಾದ ಮೇಲೆ ಕೇಳಿಸಿತು. ಗುಟುಕು, ಗುಟುಕು, ಉಸಿರು. ಮತ್ತೆ ಗುಟುಕು. ಸೆರಗು ಸರಿಸಿ ನೋಡಿದೆ. ಕೂಸಿನ ಗದ್ದ ಒಂದೇ ಸಮ ಆಡುತ್ತಿತ್ತು. ಬಾಯಿಯ ತುದಿಯಿಂದ ಹಾಲಿನ ಗೆರೆಯೊಂದು ಕುತ್ತಿಗೆಗೆ ಇಳಿದಿತ್ತು. ನನ್ನ ಬಲಗೈ ನೆಲದ ಮೇಲಿತ್ತು, ಉಂಡಿಯ ಚೂರೊಂದನ್ನು ಹಿಡಿದುಕೊಂಡು. ನಾನು ಅಲುಗಾಡಲಿಲ್ಲ. ಅಲುಗಿದರೆ ಗೊತ್ತಾಗಿಬಿಡುತ್ತದೆ ಎಂಬಂತೆ. ಯಾರಿಗೆ ಗೊತ್ತಾಗುತ್ತದೆ, ಅದು ತಿಳಿಯದು.

ಮರುದಿನ ಮಂದಿ ಹೋದರು. ಅತ್ತೆ ಒಬ್ಬರು ಉಳಿದಿದ್ದರು, ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಕೂಸು ಅತ್ತಿತು. ಅವ್ವ ಅದನ್ನು ನನ್ನ ತೊಡೆಗೆ ಹಾಕಿ ಬಾಗಿಲಿನ ಕಡೆ ನಡೆದಳು.

“ಅವ್ವಾ, ಕೊಂಡಿ ಹಾಕಬ್ಯಾಡ.”

“ಖಾಲಾ ಬರೋ ಹೊತ್ತದು. ಹಂಗೇ ದೂಡ್ಕೊಂಡು ಬರ್ತಾರ.”

“ಬರ್ಲಿ.”

“ನಿನ್ನಿ ಎಷ್ಟು ಮಂದಿ ಕಣ್ಣು ಬಿದ್ದಾವೋ ಏನೋ. ಸುಮ್ನ ಕುಡಸು.”

“ನಿನ್ನಿ ಹೊಟ್ಟಿ ತುಂಬ ಕುಡದಾಳ. ಎಲ್ಲಾರ ಎದುರಿಗಿ.”

“ಅದಕ್ಕೇ ಹೇಳ್ತೀನಿ...” ಎನ್ನುತ್ತ ಅವಳು ಬಾಗಿಲು ಎಳೆದಳು.

“ಕೊಂಡಿ ಬಿದ್ರ ನನಗ ಇದು ಆ ಮನಿ ಆಗ್ತದವ್ವಾ. ಇಕಿ ತಮ್ಮ ಆಗ್ತಾಳ.”

ಬಾಗಿಲು ಅರ್ಧಕ್ಕೆ ನಿಂತಿತು. ಅವ್ವನ ಬೆರಳುಗಳು ಮಾತ್ರ ನನಗೆ ಕಾಣುತ್ತಿದ್ದವು, ಬಾಗಿಲಿನ ಅಂಚನ್ನು ಹಿಡಿದ ಬೆರಳುಗಳು. ಅವು ಅಲ್ಲೇ ಇದ್ದವು. ನಾನು ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದೆ. ಕೂಸು ಅಳುತ್ತಿತ್ತು.

ಅತ್ತೆಗೆ ‘ಆ ಮನಿ’ ಯಾವುದೆಂದು ಗೊತ್ತಿರಲಿಲ್ಲ. ಅವರು ಅದನ್ನು ಕೇಳಲೂ ಇಲ್ಲ. ಬೆಳ್ಳುಳ್ಳಿಯ ಮೊರವನ್ನು ನೆಲದ ಮೇಲೆ ಸರಿಸಿದ ಸದ್ದು ಬಂತು.

“ಬೀಗತೇರೇ, ಆ ಬಾಗಲಾ ಹಂಗೇ ಬಿಟ್ಟು ಇಲ್ಲಿ ಬಂದು ಕುಂದ್ರಿ. ಭಾಳ ಅದ ಇದು, ನನ್ನೊಬ್ಬಾಕಿ ಕೈಲೆ ಆಗಂಗಿಲ್ಲ. ಅಮ್ಮಾಯಿ ಅಲ್ಲೇ ಕಾಣ್ತಾಳಲ್ಲ. ಎಲ್ಲಿ ಓಡಿಹೋಗ್ತಾಳ?”

ಬೆರಳುಗಳು ಬಾಗಿಲನ್ನು ಬಿಟ್ಟವು. ಅವ್ವ ಪಡಸಾಲೆಯಲ್ಲಿ ನನಗೆ ಕಾಣುವ ಹಾಗೆ ಕೂತಳು. ಬೆಳ್ಳುಳ್ಳಿ ತೆಗೆದುಕೊಂಡಳು. ಆಮೇಲೆ, ಯಾರೂ ಕೇಳದೆ, ಹಾಸ್ಟೆಲಿನಲ್ಲಿ ಒಮ್ಮೆ ಉಪ್ಪಿನ ಬದಲು ಸಕ್ಕರೆ ಬಿದ್ದ ಸಾರನ್ನು ಹುಡುಗಿಯರೆಲ್ಲ ಹೊಗಳಿ ಹೊಗಳಿ ಉಂಡ ಕಥೆಯನ್ನು ಅತ್ತೆಗೆ ಹೇಳತೊಡಗಿದಳು. ದನಿ ಮೊದಲಿಗೆ ಒಡೆದಿತ್ತು. ಕಥೆಯ ನಡುವೆ ಸರಿಹೋಯಿತು. ಕೂಸು ಹುಡುಕಿತು, ಸಿಕ್ಕಿತು, ಕುಡಿಯಿತು. ಕೈ ಮೇಲೇಳಲಿಲ್ಲ ಎಂದಲ್ಲ. ಎದ್ದಿತು, ಅವ್ವನ ದನಿ ಕೇಳಿ ಇಳಿಯಿತು.

ಅತ್ತೆ ಸೇಡಂಗೆ ಹೋದ ಮೇಲೆ ಒಂದು ದಿನ ಅವ್ವ ನನ್ನ ತಲೆಗೆ ಹೊಗೆ ಕೊಡುತ್ತ, ಬೆನ್ನ ಹಿಂದಿನಿಂದ ಅಂದಳು:

“ಆ ಖೋಲಿಗಿ ಹೊರಗ ಕೊಂಡಿ ಇದ್ದಿಲ್ಲ.”

ನಾನು ತಿರುಗಲಿಲ್ಲ.

“ಒಳಗ ಇತ್ತು. ನೀನೇ ಹಾಕ್ಕೊಂತಿದ್ದಿ. ನಾನೇ ಕಲಿಸಿದ್ದೆ. ನನ್ನ ದನಿ ಕೇಳಿದ್ರಷ್ಟೇ ತೆಗಿ, ಮತ್ತ್ಯಾರು ಕರದ್ರೂ ತೆಗೀಬ್ಯಾಡ ಅಂತ. ಒಮ್ಮೆರೇ ತಪ್ಪಿಲ್ಲ ನೀ.”

“ನಾ ತಮ್ಮನ ಬಾಯಿ ಮುಚ್ಚತಿದ್ದೆ.”

“ಯಾರು ಹೇಳ್ಯಾರ? ಬೆರಳು ಕೊಡತಿದ್ದಿ ಅವನಿಗಿ. ತೆಗದಾಗೆಲ್ಲ ನಿನ್ನ ಕಿರಿಬೆರಳು ಅವನ ಬಾಯಾಗೇ ಇರತಿತ್ತು. ನೆನದು ನೆನದು ಒಣದ್ರಾಕ್ಷಿ ಆಗಿರತಿತ್ತು. ನಾ ಮೊದಲು ಅದನ್ನ ಒರಸತಿದ್ದೆ.”

ನನಗೆ ಹೊರಗಿನಿಂದ ಬಿದ್ದ ಕೊಂಡಿ ನೆನಪಿದೆ. ಅವಳಿಗೆ ಒಳಗಿನ ಕೊಂಡಿ ನೆನಪಿದೆ. ಆ ಮನೆ ಈಗ ಇಲ್ಲ. ಅಲ್ಲಿ ಫರಸಿ ಅಂಗಡಿಯ ಗೋಡೌನು ಎದ್ದಿದೆ, ನೋಡಿ ಬರಲು ಏನೂ ಉಳಿದಿಲ್ಲ. ಅವ್ವನ ಮಾತು ಒಪ್ಪಿಕೊಂಡು, ಏಳುತ್ತಿದ್ದ ಕೈ ಬಾಯಿ ಮುಚ್ಚಲು ಅಲ್ಲ, ಬೆರಳು ಕೊಡಲು ಎದ್ದದ್ದು ಎಂದು ಬರೆದರೆ ಈ ಬರಹ ಚೆಂದವಾಗಿ ಕೂಡಿಕೊಳ್ಳುತ್ತದೆ. ನಾನು ಹಾಗೆ ಬರೆಯಲಾರೆ. ಕೈಗೆ ಏನು ಗೊತ್ತಿತ್ತೋ ನನಗೆ ತಿಳಿಯದು. ಎರಡೂ ಆಗಿರಬಹುದು, ಒಂದು ಸಂಜೆ ಅದು, ಒಂದು ಸಂಜೆ ಇದು. ಆ ಒದ್ದೆ ಬೆರಳಿನ ಕಥೆಯನ್ನು ಅವ್ವ ನನಗಾಗಿ ಆ ಕ್ಷಣದಲ್ಲೇ ಕಟ್ಟಿದಳು ಎಂದೂ ಇರಬಹುದು. ಹಾಗಿದ್ದರೂ ಅದನ್ನು ಕೃತಜ್ಞತೆಯಿಂದಲೇ ಇಟ್ಟುಕೊಂಡಿದ್ದೇನೆ. ಮಗಳಿಗೆ ಏನು ಬೇಕು ಎಂದು ತಿಳಿದು, ಹೊಗೆಯಲ್ಲಿ ಕಣ್ಣು ಉರಿಯುತ್ತಿದ್ದಾಗ, ಒಬ್ಬ ತಾಯಿ ಕೊಟ್ಟದ್ದು ಅದು.

ತಮ್ಮ ವಾಡಿಯಲ್ಲಿ ರೈಲ್ವೆ ಕೆಲಸದಲ್ಲಿದ್ದಾನೆ. ರಜೆಗೆ ಬಂದಾಗ ಕೇಳಿದೆ.

“ನನಗೇನು ನೆನಪಿರ್ತದಕ್ಕಾ? ನಾ ಹಾಲ್ಗೂಸು.” ಆಮೇಲೆ ಅಂದ: “ಆದ್ರ ಒಂದ್ ಅದ. ಜ್ವಾಳದ ಚೀಲದ ವಾಸನಿ ಬಂದ್ರ ನನಗ ನಿದ್ದಿ ಬರ್ತದ. ಗಂಜಿನ ಕಾಳಿನ ಬಜಾರಕ್ಕ ಹೋದ್ರ ಸಾಕು, ಆಕಳಿಸ್ಲಿಕ್ಕೆ ಸುರು ಮಾಡ್ತೀನಿ. ನಿಮ್ಮ ತಂಗಿ ಬೈತಾಳ, ಇವರನ್ನ ಕಾಳು ತರ್ಲಿಕ್ಕೆ ಕಳಸಬಾರ್ದು ಅಂತ.” ‘ನಿಮ್ಮ ತಂಗಿ’ ಎಂದರೆ ಅವನ ಹೆಂಡತಿ. ಅವನು ನಗುತ್ತಿದ್ದ. ಅದೇ ಖೋಲಿಯಿಂದ ಅವನು ನಿದ್ದೆಯನ್ನು ಹೊತ್ತು ತಂದಿದ್ದ. ನಾನು ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದೆ.

ಆಮೇಲಿನ ತಿಂಗಳುಗಳು ಮಾತಿನವು. ಅವ್ವ ಬಾಗಿಲು ತೆಗೆದಿಟ್ಟು ಪಡಸಾಲೆಯಲ್ಲಿ ಕೂತು, ಪ್ರತಿ ಸಲ ಕೂಸು ಕುಡಿದು ಮುಗಿಸುವವರೆಗೂ ಮಾತಾಡುತ್ತಿದ್ದಳು. ಹಾಸ್ಟೆಲಿನ ಕಥೆಗಳು ತೀರಿದವು. ಧಾರಾವಾಹಿಯ ಕಥೆ ತೀರಿತು. ಆಗ ತನ್ನ ಬಾಲ್ಯದ ಗೆಳತಿಯರ ಗಂಡಂದಿರ ಗುಣಾವಗುಣ ಹಿಡಿದಳು. ಅದೂ ತೀರಿದ ಮೇಲೆ ಕಾಳು ಹಸನು ಮಾಡುತ್ತ, “ಇದು ಕಲ್ಲು, ಇದೂ ಕಲ್ಲು, ಇದು ಕಾಳು” ಎಂದು ಸುಮ್ಮನೆ ಹೇಳುತ್ತ ಹೋಗುತ್ತಿದ್ದಳು. ಒಂದು ಸಲ ನಾನು, “ಸಾಕವ್ವಾ, ಗಂಟಲು ನೋಯ್ತದ” ಎಂದೆ. “ನಿಂದು ನೀ ಕುಡಸು, ನಂದು ನಾ ಆಡ್ತೀನಿ,” ಎಂದಳು. ಅತ್ತೆ ಸೇಡಂನಿಂದ ಫೋನ್ ಮಾಡಿ, “ಭಾಷಣ ಸುರು ಆಯ್ತೇನ್ರಿ ಬೀಗತೇರೇ? ನನ್ನೂ ಜರಾ ಸ್ಪೀಕರಿಗಿ ಹಾಕ್ರಿ,” ಎನ್ನುತ್ತಿದ್ದರು. ಖಾಲಾ ಒಳಬರುವ ಮೊದಲು ಬಾಗಿಲ ಹೊರಗೇ ನಿಂತು ಕೆಮ್ಮುವುದನ್ನು ಕಲಿತರು. ಅವರ ನಂಬಿಕೆ ಅವರಿಗಿತ್ತು, ಹಾಗಾಗಿ ಗೋಡೆಯ ಕಡೆ ಮುಖ ಮಾಡಿ ಕೂರುತ್ತಿದ್ದರು, ಮಾತಿಗೆ ಮಾತ್ರ ಕಡಿಮೆ ಮಾಡುತ್ತಿರಲಿಲ್ಲ.

ಸಂಜೆಯ ಹೊತ್ತು ಮಾತ್ರ ಕೊನೆಯವರೆಗೂ ಕಷ್ಟವಾಗಿಯೇ ಉಳಿಯಿತು. ಬೆಳಕು ಇಳಿಯುವಾಗ, ದೂರದಲ್ಲಿ ಯಾರಾದರೂ ಸೈಕಲ್ ಬೀಳಿಸಿದರೂ ಮೈ ಬಿಗಿಯುತ್ತಿತ್ತು. ಆ ಹೊತ್ತಿಗೆ ಡಬ್ಬಿ ಹಾಲು. ಅವ್ವ ಡಬ್ಬಿಯನ್ನು ಅಕ್ಕಿಯ ಹಿಂದಿನಿಂದ ತೆಗೆದು ಚಹಾಪುಡಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಳು. ಯಾರಾದರೂ ಮೂಗು ಮುರಿದರೆ, “ನನ್ನ ಮೊಮ್ಮಗಳಿಗಿ ಎರಡು ಥರದ ಊಟ ಅದ, ನಿಮ್ಮನ್ಯಾಗ ಅದೇನು?” ಎನ್ನುತ್ತಿದ್ದಳು. ತೂಕ ಏರಿತು. ಸಿಸ್ಟರ್ ತಕ್ಕಡಿ ನೋಡಿ, ಕೂಸಿನ ತೊಡೆಯನ್ನು ಒಮ್ಮೆ ಹಿಂಡಿ ಮುಂದಿನವರನ್ನು ಕರೆದರು. ನನಗೆ ಅದೇ ಸಾಕಾಯಿತು.

ಹಾಲು ಬಿಡಿಸಲು ಎದೆಗೆ ಬೇವು ಹಚ್ಚಿಕೋ ಎಂದು ಹಲವರು ಹೇಳಿದ್ದರು. ನನಗೆ ಮನಸ್ಸಾಗಲಿಲ್ಲ. ಅಷ್ಟು ಕಷ್ಟಪಟ್ಟು ಬಂದದ್ದನ್ನು ಕಹಿ ಮಾಡಿ ಕಳಿಸುವುದು ಹೇಗೆ?

ಮಗಳು ಓಡಾಡಿ ಮಾತಾಡಲು ಕಲಿತ ಮೇಲೆ ಒಂದು ದಿನ ಅವ್ವ, ನಾನು, ಅವಳು, ಮೂವರೂ ತಮ್ಮನ ಮನೆಗೆ ಹೊರಟೆವು. ವಾಡಿ ಸ್ಟೇಷನ್ನಿನಲ್ಲಿ ಇಳಿದೆವು. ಅವನು ಡ್ಯೂಟಿ ಮುಗಿಸಿ ಬರುವವರೆಗೆ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತೆವು. ಮಧ್ಯಾಹ್ನ, ಸುತ್ತ ನೂರು ಮಂದಿ, ಭಜಿ ಮಾರುವವರ ಕೂಗು. ಮಗಳು ನನ್ನ ಸೆರಗು ಎಳೆದಳು. ಕೊಟ್ಟೆ. ಎದುರಿಗೆ ಕೂತಿದ್ದ ಒಂದು ಕುಟುಂಬ ನೋಡಿತು, ನೋಡಿ ತಮ್ಮ ಬುತ್ತಿ ಬಿಚ್ಚಿತು. ಮಗಳು ನಾಲ್ಕು ಗುಟುಕು ಕುಡಿದಿರಬೇಕು. ಆ ಕಡೆಯ ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ನಿಧಾನ ಹೊರಟಿತು. ಅವಳು ಬಾಯಿ ತೆಗೆದು ತಿರುಗಿ ನೋಡಿದಳು. ಎದ್ದು ಕೂತಳು. ನನ್ನ ಎದೆಯ ಮೇಲೆ ಸೆರಗನ್ನು ತಾನೇ ಎಳೆದು, “ಸಾಕು,” ಎಂದು ಬೆಂಚಿನಿಂದ ಇಳಿದಳು.

ನಾನು ಮತ್ತೆ ಕರೆದೆ. “ಬ್ಯಾಡ,” ಎಂದಳು, ಗಾಡಿಯ ಡಬ್ಬಿಗಳನ್ನು ನೋಡುತ್ತ.

ಅದೇ ಕೊನೆಯ ಸಲ ಎಂದು ನಾನು ಹೇಳುತ್ತ ಬಂದಿದ್ದೇನೆ. ಆಮೇಲೆ ಮನೆಗೆ ಬಂದು ಮತ್ತೊಮ್ಮೆ ಕುಡಿದಿದ್ದಳು ಎಂದು ಗಂಡ ಹೇಳುತ್ತಾರೆ. ಇರಬಹುದು. ನನ್ನ ಕಣ್ಣಲ್ಲಿ ನೀರು ಬಂದದ್ದು ಮಾತ್ರ ಆ ಬೆಂಚಿನ ಮೇಲೆ, ಅದಕ್ಕೆ ಅವ್ವ ಸಾಕ್ಷಿ. ಅವಳು ನನ್ನನ್ನು ನೋಡಿದಳು, ಮೊಮ್ಮಗಳನ್ನು ನೋಡಿದಳು.

“ಅಳ್ತೀ ಯಾಕ? ಹೊಟ್ಟಿ ತುಂಬಿ ಎದ್ದಾಳ ಅಕಿ,” ಎಂದಳು. ಆಮೇಲೆ ಮಗಳ ಹಿಂದೆ ಎದ್ದು ಹೋಗಿ, ಹಳಿಯ ಕಡೆ ಹೋಗದಂತೆ ಅವಳ ಲಂಗದ ತುದಿಯನ್ನು ಎರಡು ಬೆರಳಲ್ಲಿ ಸಡಿಲಾಗಿ ಹಿಡಿದು, ಹೋಗುತ್ತಿರುವ ಗಾಡಿಯನ್ನು ಅವಳ ಜೊತೆ ನೋಡುತ್ತ ನಿಂತಳು.